ಗಿಡ್ಡ ಬೂಟಿನ ರೀಡಿಂಗು

ನವೀ ಪೇಠದ ಅಂಗಡ್ಯಾಗ ಪೋರ ಮರಾಠಿಯೊಳಗ ಸುರು ಮಾಡಿದ,
ನಾ "ಅಯ್ಯ, ಇಷ್ಟ ಯಾಕೋ?" ಅಂದಕೂಡ್ಲೇ ಕನ್ನಡಕ್ಕ ಬಂದ.
"ಕಾಕಾ, ಇವು ಬಾಸ್ಕೆಟ್‌ಬಾಲ್ ಬೂಟ. ಆದ್ರ ಆಡ್ಲಾಕ ಅಲ್ಲ,
ಸುಮ್ನ ಹಾಕ್ಲಾಕ."
ಸುಮ್ನ ಹಾಕ್ಲಾಕ ಹನ್ನೆರಡು ನೂರು ರೂಪಾಯಿ!

ನಾ ಮೀಟರ್ ಓದಾಂವ. ದಿನಕ್ಕ ನೂರಾ ಹತ್ತು ಮನಿ.
ನನ್ನ ಕಾಲಿಗೆ ಸುಮ್ನ ಅನ್ನೂ ಶಬ್ದ ಗೊತ್ತಿಲ್ಲ.

ಹಾಕ್ಕೊಂಡು ನಿಂತೆ. ಹರಡಿನ ಗಂಟಿಗೆ ಮುಟ್ಟೂ ಮೊದಲ ಮುಗೀತದ.
ಬಿಳೀ ಚರ್ಮ, ಮೂಗಿನ ಮ್ಯಾಲ ಸಾಸಿವಿಯಂಥ ತೂತು,
ತಳದಾಗ ಒಂದು ಸುಳಿ,
ಬಾವ್ಯಾಗ ಕಲ್ಲು ಒಗದ್ರ ಏಳ್ತದಲ್ಲ, ಹಂಗ.
ಅದರ ಮ್ಯಾಲ ಗರ್ರನ ತಿರಗತಾನಂತ ಆಟಗಾರ.
ನಾ ತಿರಗೂದು ಒಂದ: ಕೀಲಿ ಹಾಕಿದ ಬಾಗಿಲದಿಂದ ಹಿಂದಕ್ಕ.

ಮೊದಲ ದಿನ ಎಡಗಾಲ ಕಿರಿಬೆರಳು ಉರೀತು.
ಮೂರನೇ ದಿನ ಚರ್ಮ ಸೋತು ನನ್ನ ಮಾತು ಕೇಳ್ತು.
ನಾಲಿಗಿ ಮಾತ್ರ ಕೇಳ್ಲಿಲ್ಲ. ಹತ್ತು ಹೆಜ್ಜಿಗೊಮ್ಮೆ
ಬಲಕ್ಕ ಸರೀತದ, ನಮ್ಮ ಸೊಲ್ಲಾಪುರ ಮಂದಿ ನಾಲಿಗಿ ಹಂಗ,
ಸಂತ್ಯಾಗ ಒಂದು, ಕಚೇರ್ಯಾಗ ಒಂದು, ಬೈಲಾಕ ಮನೀದು.

ಖರೇ ಪರೀಕ್ಷಾ ಹೊಸ್ತಿಲದಾಗ.
ಎಷ್ಟೋ ಮೀಟರ್ ಒಳಗ ಅವ, ದೇವರ ಜಗಲಿ ಬಾಜೂಕ.
ಬಿಚ್ಚು, ಒಳಗ ಹೋಗು, ನಾಲ್ಕಂಕಿ ಬರಿ, ಹೊರಗ ಬಾ, ಹಾಕು.
ಲಾಡಿ ಬಿಗದ್ರ ತಾಸಿಗೆ ಎಂಟ ಮನಿ.
ಸಡಿಲ ಬಿಟ್ರ ಹಿಮ್ಮಡ ಒಳಗ
ಕುದಿಯೂ ಪಾತೇಲಿ ಮುಚ್ಚಳ ಹಂಗ ಕುಣೀತದ.

ಬೀಡಿ ಕಟ್ಟೂ ನರಸಮ್ಮ, ಎಲಿ ಕತ್ತರಸ್ಕೋತ,
ತೆಲುಗು ರಾಗದ ಕನ್ನಡದಾಗ ಕೇಳಿದ್ಲು:
"ಯಾವ ಆಟ ಆಡ್ತಿಯಪ್ಪ?"
"ಏನೂ ಇಲ್ಲವ್ವ."
"ಹಂಗಾರ ಈ ಗೆರಿ ಯಾರಿಗೆ ತೋರಸ್ಲಾಕ?"
ನಲವತ್ತೇಳು ಯುನಿಟ್ ಬರದು ಸುಮ್ಮನಾದೆ.

ಎಂಟನೇ ದಿನ, ಮುಚ್ಚಿದ ಗಿರಣಿ ಹಿಂದಿನ ಸಾಲಿ ಬಯಲು.
ಜಾಳಿ ಹರದ ಕಬ್ಬಿಣ ಬಳಿ. ಚೆಂಡು ಉಳ್ಳಿ ಬಂದು
ನನ್ನ ಮುಂದ ನಿಂತು. ಹುಡುಗ್ಯಾರು ಮೊದಲ ಬೂಟ ನೋಡಿದ್ರು,
ಆಮ್ಯಾಲ ನನ್ನ ಮುಖ.
ಏನೋ ಆಶಾ ಇತ್ತು ಅವರಿಗೆ.
ನಾ ಒದ್ದೆ.
"ಕಾಕಾ, ಕೈಲೆ! ಕೈಲೆ ಒಗೀರಿ!"
ಬೂಟಿಗೆ ನಾಚಿಕಿ ಆತೋ ಏನೋ,
ನಾಲಿಗಿ ಅವತ್ತು ಸಂಜಿತನ ನಟ್ಟ ನಡುವ ಕೂತಿತ್ತು.

ಕೀಲಿ ಹಾಕಿದ ಮನಿಗೆ ನಾವು ಸರಾಸರಿ ಬಿಲ್ಲು ಬರೀತೀವಿ.
ಇದಕ್ಕ ಹಂಗ ಬರೀಲಾಕ ಬರಾಂಗಿಲ್ಲ, ಒಳಗ ಹೊಕ್ಕು ನೋಡೀನಿ.
ಮೆಟ್ಟಲಕ್ಕ ಚಲೋ. ಡಾಂಬರಕ್ಕ ಚಲೋ.
ಧೂಳಿಗೆ ಬಿಳಿ ಅಂದ್ರ ಕರದ ಊಟ.
ಏಪ್ರಿಲ್ ಬಿಸಲಾಗ ಒಳಗ ಒಲಿ.
ಹನ್ನೊಂದನೇ ದಿನ ಹಿಮ್ಮಡದ ಗ್ವಾಡಿ ತುಳದು ಮಲಗಿಸಿ
ಚಪ್ಪಲಿ ಮಾಡ್ಕೊಂಡು ಹೊಂಟೀನಿ,
ಚಟ್ ಪಟ್, ಚಟ್ ಪಟ್, ನೂರಾ ಹತ್ತೂ ಮನಿ ನಾಕರೊಳಗ ಮುಗೀತು.
ನವೀ ಪೇಠದ ದಾರಿ ಮಾತ್ರ ಬಿಟ್ಟೀನಿ,
ಆ ಪೋರ ನೋಡಬಾರದು.