ಕೊನೆ ಮನೆಯ ನಲ್ಲಿ

ಕತ್ತಲು ಕೋಣೆಯಲ್ಲಿ ಗದ್ದ ಊರಿ ಕೂತೆ.
"ಹಸಿರು ಚುಕ್ಕಿ ನೋಡಿ ಚೌಡಪ್ನೋರೆ, ರೆಪ್ಪೆ ಬಡೀಬೇಡಿ"
ಅಂದಳು ಮೆಷಿನ್ ಹುಡುಗಿ.
ಮೂವತ್ತೊಂದು ವರ್ಷ ಶಿವಮೊಗ್ಗದ ರಸ್ತೆಯಡಿ
ವಾಲ್ವು ತಿರುಗಿಸಿದವನು ನಾನು,
ಒಂದು ಚುಕ್ಕಿ ನೋಡಲು ಬೆವತುಹೋದೆ.

ಪರದೆಯ ಮೇಲೆ ಬಂತು ಕಣ್ಣು.
ಕಣ್ಣಲ್ಲ, ನಕ್ಷೆ:
ನಡುವೆ ಟ್ಯಾಂಕು,
ಮೇಲಕ್ಕೆ, ಕೆಳಕ್ಕೆ ಮೇನ್ ಲೈನು,
ಕವಲು, ಕವಲಿನ ಕವಲು,
ಕೂದಲೆಳೆಯಂಥ ಮನೆ ಕನೆಕ್ಷನ್ನು.
ನಮ್ಮ ಆಫೀಸಿನಲ್ಲಿ ಇಷ್ಟು ಚೆಂದದ ನಕ್ಷೆ ಇರಲಿಲ್ಲ;
ಯಾವ ಪೈಪು ಎಲ್ಲಿ ತಿರುಗುತ್ತದೆನ್ನುವುದು
ನನ್ನ ತಲೆಯಲ್ಲಿತ್ತು, ಮತ್ತೆ
ತೀರಿಹೋದ ಬುಡನ್ ಸಾಬರ ತಲೆಯಲ್ಲಿ.

ಡಾಕ್ಟರಮ್ಮ ಪೆನ್ನಿನ ತುದಿ ಇಟ್ಟರು.
"ಬಟ್ಟಲು ಆಳವಾಗಿದೆ. ನಾಳ ಅಂಚಿಗೆ ಬಂದು
ಗಕ್ಕನೆ ಬಗ್ಗಿ ಇಳಿಯುತ್ತೆ, ನೋಡಿ."
ಎಲ್ಬೋ, ಅಂದೆ.
ನಕ್ಕರು. "ಈ ಕೆಂಪು ಗೀರು?"
ಲೀಕೇಜು.
"ಹೌದು." ಈ ಸಲ ನಗಲಿಲ್ಲ.

ಕೆಳಗಿನ ಬಾಗಿನಲ್ಲಿ ಬಲೆ ತೆಳುವಾಗಿ
ಒಂದಿಷ್ಟು ಜಾಗ ಕಪ್ಪು.
ಆ ಜಾಗ ನನಗೆ ಗೊತ್ತು:
ಸೀಗೆಹಟ್ಟಿಯ ಕೊನೆ ಸಾಲು.
ಅಲ್ಲಿ ನಲ್ಲಿ ಬರೀ ಗಾಳಿ ಉಸುರುತ್ತಿತ್ತು,
ಅಲ್ಲಿಯ ಹೆಂಗಸರು ನನ್ನ ವಂಶವನ್ನೆಲ್ಲ ಬೈಯುತ್ತಿದ್ದರು.

ಕಣ್ಣು ಬೈಯಲಿಲ್ಲ.
ಖಾಲಿ ಕೊಡ ತಂದು ಬಾಗಿಲಿಗೆ ಕುಕ್ಕಲಿಲ್ಲ.
ಗಾಂಧಿಬಜಾರಿನಲ್ಲಿ ಮೇಲೆ ತೂಗುಹಾಕಿದ್ದ
ಪ್ಲಾಸ್ಟಿಕ್ ಕೊಡ ಹಣೆಗೆ ಬಡಿದಾಗ
ಅಂಗಡಿಯವನೊಡನೆ ಜಗಳವಾಡಿದೆ,
ಇಷ್ಟು ಕೆಳಗೆ ಯಾರಾದರೂ ಕಟ್ಟುತ್ತಾರೇನಯ್ಯಾ ಎಂದು.
ಪಾಪ, ಅವನು ದಾರ ಗಿಡ್ಡ ಮಾಡಿದ.

"ಪ್ರೆಶರ್ ಜಾಸ್ತಿ" ಅಂದರು.
ಜಾಸ್ತಿ ಇದ್ದರೆ ಕೊನೆ ಮನೆಗೂ ಹತ್ತಬೇಕಲ್ಲ ಮೇಡಂ?
"ಪೈಪಿನೊಳಗಲ್ಲ ಚೌಡಪ್ಪ, ಪೈಪಿನ ಸುತ್ತ."
ಲಾರಿ ಓಡಾಡಿ ಮಣ್ಣು ಕೂತು
ಚಪ್ಪಟೆಯಾದ ಪೈಪುಗಳನ್ನು ಅಗೆದು ತೆಗೆದಿದ್ದೇನೆ.
ಸುಮ್ಮನಾದೆ.

ಆಮೇಲೆ ಕೇಳಿದೆ: ನಾಳ ಸೊರಗಿ ನರ ಸತ್ತಿತೋ,
ನರ ಸತ್ತು ನಾಳ ಸೊರಗಿತೋ?
"ಆ ವಾದ ಇನ್ನೂ ಮುಗಿದಿಲ್ಲ" ಅಂದರು.
ನನಗೂ ಮುಗಿದಿಲ್ಲ.
ಹಳೇ ಕ್ವಾರ್ಟರ್ಸಿನ ಜನ ಹೋದರೆಂದು ವಾಲ್ವು ಮುಚ್ಚಿದೆನೋ,
ಮುಚ್ಚಿದ್ದಕ್ಕೇ ಹೋದರೋ;
ರಿಜಿಸ್ಟರಿನ ಆ ಪುಟಕ್ಕೆ ನೀರು ಬಿದ್ದು
ತಾರೀಖು ಅಳಿಸಿದೆ.

ಈಗ ರಾತ್ರಿ ಒಂಬತ್ತಕ್ಕೆ ಅಂಗಾತ ಮಲಗುತ್ತೇನೆ.
ಲಕ್ಷಗಟ್ಟಲೆ ಲೀಟರು ಬಿಟ್ಟ ಕೈಗೆ
ಒಂದು ಹನಿಯ ಗುರಿ ಸಿಗುವುದಿಲ್ಲ.
ಮೊದಲನೆಯದು ಕಿವಿಗೆ ಹೋಯಿತು.
ಎರಡನೆಯದು ತಣ್ಣಗೆ ಹತ್ತಿತು.
ಹೇಳಿಕೊಟ್ಟ ಹಾಗೆ ಮೂಗಿನ ಬದಿಯ ಮೂಲೆಯನ್ನು
ಬೆರಳಲ್ಲಿ ಒತ್ತಿ ಹಿಡಿದು ಎಣಿಸುತ್ತೇನೆ,
ಹನಿ ಗಂಟಲಿಗೆ ಇಳಿಯದಂತೆ,
ಬೀದಿಯ ಕೊನೆಗಷ್ಟೇ ಹೋಗುವಂತೆ.