ಹಸುನಾಲಿಗೆ ಹೂವು

ರಷ್ತ್ ಪೇಟೆಯಲ್ಲಿ, ಮೀನಂಗಡಿ ಸಾಲು ಮುಗಿಯುವ ಮೂಲೆಯಲ್ಲಿ
ಅಪ್ಪ ಸೈಫುಲ್ಲಾ ಬಿಟ್ಟುಹೋದ ಗಿಡಮೂಲಿಕೆ ಅಂಗಡಿ ನನ್ನದು.
ನೂರಾ ಹನ್ನೊಂದು ಡಬ್ಬಿ, ಒಂದು ತಕ್ಕಡಿ,
ಮುಚ್ಚಳ ಎಷ್ಟು ಬಿಗಿದರೂ ಹೊರಗೆ ಬರುವ
ಜಟಾಮಾಂಸಿಯ ವಾಸನೆ.
ಒದ್ದೆ ಕಾಲುಚೀಲದ್ದು, ಸುಳ್ಳೇಕೆ ಹೇಳಲಿ.

ಕಳವಳಕ್ಕೆ ನಾವು ದಿಲ್‌ಶೂರೆ ಅನ್ನುತ್ತೇವೆ.
ಶೂರ್ ಅಂದರೆ ಉಪ್ಪು, ಕಲಕುವುದು ಕೂಡ.
ಹಾಲಿಗೆ ಉಪ್ಪು ಬಿದ್ದ ಹಾಗೆ
ಸದ್ದಿಲ್ಲದೆ ಒಡೆಯುತ್ತದೆ ಎದೆ.

ಡ್ರೈವಿಂಗ್ ಪರೀಕ್ಷೆಗೆ ಮೂರನೇ ಸಲ ಹೊರಟ ದರ್ಜಿ ಬರುತ್ತಾನೆ,
ನಿಶ್ಚಿತಾರ್ಥ ಮುರಿಯಲೋ ಬೇಡವೋ ತಿಳಿಯದ ಹುಡುಗಿ,
ಭತ್ತದ ಗಿರಣಿಯ ಲೆಕ್ಕಿಗ. ಅವನಿಗೆ ಯಾಕೆಂದೇ ಗೊತ್ತಿಲ್ಲ.
ನಾನು ಕೇಳುವುದಿಲ್ಲ. ಡಬ್ಬಿ ತೆರೆಯುತ್ತೇನೆ.
ಗಾವ್‌ಜಬಾನ್, ಹಸುವಿನ ನಾಲಿಗೆ.
ಎಲೆ ಮುಟ್ಟಿದವರಿಗೆ ಹೆಸರಿನ ಗುಟ್ಟು ತಿಳಿಯುತ್ತದೆ:
ಕರುವನ್ನು ನೆಕ್ಕುವಾಗಿನ ಒರಟು,
ಅದೇ ಅಕ್ಕರೆ.
ಎಶ್ಕವರ್ ಬೆಟ್ಟದಲ್ಲಿ ಬಿಸಿಲೇರುವ ಮೊದಲೇ
ಹೆಂಗಸರು ಹೂ ಬಿಡಿಸುತ್ತಾರೆ, ಹೂವಷ್ಟೇ;
ತೊಟ್ಟಿನ ಸುಂಕು ಅವರ ಬೆರಳಲ್ಲೇ ಉಳಿಯುತ್ತದೆ.

ಮಹ್‌ರುಖ್ ಬರುವುದು ಮಂಗಳವಾರ.
ಮಂಜೀಲಿನವಳು. ಗಾಳಿಯ ಊರು, ಆಲಿವ್ ಮರಗಳ ಊರು.
ಅವಳು ಹುಡುಗಿಯಾಗಿದ್ದಾಗ ಒಂದು ರಾತ್ರಿ
ನೆಲ ಮಗ್ಗುಲು ಬದಲಿಸಿತು.
ಅವಳು ಹೇಳಿದ್ದು ಇಷ್ಟೇ. ಉಳಿದದ್ದನ್ನು
ಅವಳ ಕಾಲು ನೋಡಿ ತಿಳಿದುಕೊಂಡೆ:
ಒಳಗೆ ಬರುವುದಿಲ್ಲ, ಬಾಗಿಲ ಚೌಕಟ್ಟಿನ ಕೆಳಗೇ ನಿಲ್ಲುತ್ತಾಳೆ.
ಬೂಟಿನ ದಾರಕ್ಕೆ ಎರಡೆರಡು ಗಂಟು.
ನಿದ್ದೆಯಲ್ಲೂ ಕಳಚುವುದಿಲ್ಲವಂತೆ.

ಬೀದಿಯಲ್ಲಿ ಲಾರಿ ಹೋದರೆ ತಕ್ಕಡಿ ನಡುಗುತ್ತದೆ.
ಅವಳು ತಟ್ಟೆ ನೋಡುತ್ತಾಳೆ,
ನಾನು ಅವಳನ್ನು.

ಹತ್ತು ಮಿಸ್ಕಾಲ್ ಹೂವು, ಚಿಟಿಕೆ ಜಟಾಮಾಂಸಿ,
ಒಣಗಿದ ನಿಂಬೆ ಒಂದು, ಬೀಜ ತೆಗೆದು, ಇಲ್ಲದಿದ್ದರೆ ಕಹಿ.
ಕೊತಕೊತ ಕುದಿಸಬೇಡ. ಸಣ್ಣ ಉರಿ, ಮೇಲೆ ಮುಚ್ಚಳ,
ಕಾದಿರು. ಕೊನೆಗೆ ಕಲ್ಲುಸಕ್ಕರೆ.
ಬಿಪಿ ಮಾತ್ರೆ ನುಂಗುವವಳಾದರೆ ಮೊದಲು ಡಾಕ್ಟರನ್ನು ಕೇಳು.
ಎಲ್ಲ ಅಪ್ಪನ ಮಾತು,
ಕೊನೆಯದೊಂದು ನನ್ನದು.

ಒಂದು ಮಂಗಳವಾರ ಚೀಲ ತಂದಳು. ಹೊಸಿಲಾಚೆಯಿಂದಲೇ
ಕೈ ಚಾಚಿ ಕೌಂಟರಿನ ಮೇಲೆ ಸುರಿದಳು.
ಇಪ್ಪತ್ತಾರು ಪೊಟ್ಟಣ. ದಾರ ಕೂಡ ಬಿಚ್ಚಿಲ್ಲ.
‘ನೆಲವನ್ನೇ ನಂಬದವಳು
ನೆಲದಲ್ಲಿ ಬೇರಿಟ್ಟದ್ದನ್ನು ಹೇಗೆ ಕುಡಿಯಲಿ?’

ನೂರಾ ಹನ್ನೊಂದು ಡಬ್ಬಿಯಲ್ಲಿ
ಇದಕ್ಕೊಂದು ಇರಲಿಲ್ಲ.

‘ಮತ್ತೆ ಯಾಕೆ ಕೊಳ್ಳುತ್ತಿದ್ದೆ?’

‘ನೀನು ತೂಗುವಾಗ ತಕ್ಕಡಿಯ ಮುಳ್ಳು
ಆಡಿ ಆಡಿ ನಡುವಿಗೆ ಬಂದು
ನಿಲ್ಲುತ್ತದಲ್ಲ,
ಅದನ್ನು ನೋಡೋದಕ್ಕೆ.’

ಒಲೆ ಹಚ್ಚಿದೆ. ಇದ್ದುದರಲ್ಲಿ ಹಳೆಯ ಪೊಟ್ಟಣ ಬಿಚ್ಚಿದೆ,
ಬಣ್ಣ ತುಸು ಹೋಗಿತ್ತು.
ನಿಂಬೆ ಬಿದ್ದೊಡನೆ ನೀಲಿ ನೀರು ದಾಳಿಂಬೆಯ ಕೆಂಪು.
ಒಂದು ಲೋಟ ನನಗೇ ಬಗ್ಗಿಸಿಕೊಂಡೆ. ಆ ವಾರ
ಅಂಗಡಿ ಬಾಡಿಗೆಯ ಕಾಗದ ಬಂದಿತ್ತು, ನಿದ್ದೆ ನನಗೂ ಇರಲಿಲ್ಲ.
ಇನ್ನೊಂದನ್ನು ಅವಳಿದ್ದಲ್ಲಿಗೇ ಕೊಂಡುಹೋದೆ.

ಕುಡಿದಳೆಂದು ಹೇಳಲಾರೆ.
ಎರಡೂ ಅಂಗೈಯಲ್ಲಿ ಬಿಸಿ ಹಿಡಿದು ನಿಂತಿದ್ದಳು.
ಲಾರಿಯೊಂದು ಹೋಯಿತು.
ಕೆಂಪಿನ ಮೇಲೆ ಉಂಗುರ, ಉಂಗುರದೊಳಗೆ ಉಂಗುರ,
ಆಮೇಲೆ ಏನೂ ಇಲ್ಲ.
ಖಾಲಿ ಚೀಲ ಮಡಚಿಕೊಂಡು ಹೋದಳು, ದುಡ್ಡು ವಾಪಸ್ ಬೇಡವೆಂದು.

ನಾಳೆ ಮಂಗಳವಾರ.
ತಕ್ಕಡಿಯ ಕೀಲಿಗೆ ಎರಡು ಹನಿ ಎಣ್ಣೆ ಬಿಟ್ಟಿದ್ದೇನೆ.
ಮುಳ್ಳು ಇನ್ನಷ್ಟು ಹೊತ್ತು ಆಡಲಿ,
ನಿಲ್ಲುವ ಮುಂಚೆ.