ಕಳ್ಳನ ಪಾಲು

ರೆಸೀಫೆಯಲ್ಲಿ ನನಗೆ ಮೊದಲು ಸಿಕ್ಕಿದ್ದು ಕೋಣೆಯ ಕೀಲಿಯಲ್ಲ,
ಜಿಪ್ಪು ಕಿತ್ತ ಒಂದು ಪರ್ಸು.
ಬಾಗಿಲ ಪಕ್ಕದ ಮೊಳೆಯಲ್ಲಿ ಕೊಡೆಯ ಜೊತೆ ನೇತಾಡುತ್ತಿತ್ತು.
ದೋನಾ ಲಿಂಡಾಲ್ವಾ ಅದನ್ನಿಳಿಸಿ, ಧೂಳು ಕೊಡವಿ ಕೊಟ್ಟಳು:
ಚಿನ್ನದ ಬಣ್ಣದ ಕೋತಿಯ ಚಿತ್ರವಿದ್ದ ಎರಡು ಇಪ್ಪತ್ತರ ನೋಟು,
ಅವಧಿ ಮುಗಿದ ಬಸ್ ಕಾರ್ಡು,
ಯಾವುದೋ ಕ್ಷೌರದಂಗಡಿಯ ಚೀಟಿ.
"ಇದು ನಿನ್ನದಲ್ಲ, ಅವನದು.
ಕೇಳಿದರೆ ಕೊಡು. ಮುಖ ನೋಡಬೇಡ.
ಇದಕ್ಕಿಂತ ಕಡಿಮೆ ಇಟ್ಟರೆ ಅವನಿಗೆ ಅವಮಾನ.
ಅವಮಾನವಾದವನ ಕೈ ನಡುಗುತ್ತದೆ,
ನಡುಗುವ ಕೈಯಲ್ಲಿ ಕಬ್ಬಿಣ ಇರಬಾರದು ಮಗಳೇ."

ಓಲೆ ಬಿಚ್ಚಿ ಸೋಪಿನ ಡಬ್ಬಿಗೆ ಹಾಕಿದೆ, ಗಡಿಯಾರ ಕಾಲುಚೀಲದೊಳಗೆ.
ಅವಳು ನನ್ನ ಮಣಿಕಟ್ಟು ಹಿಡಿದು ಬೆಳಕಿಗೆ ತಿರುಗಿಸಿದಳು:
ಬಿಸಿಲು ಕಾಣದ ಪಟ್ಟಿ, ಬೆರಳಗಲ, ತಿಳಿಬಣ್ಣ.
"ಇದೂ ಗಂಟೆ ಹೇಳುತ್ತದೆ," ಅಂದಳು.

ಕಡಲಂಚಿನಲ್ಲಿ ಫಲಕಗಳಿವೆ:
ಇಲ್ಲಿ ಶಾರ್ಕ್ ಇದೆ, ಸೊಂಟದ ನೀರು ದಾಟಬೇಡಿ.
ಬೀದಿಗೆ ಫಲಕವಿಲ್ಲ. ಬೀದಿಯನ್ನು
ಮಂದಿಯ ಭುಜ ನೋಡಿ ಓದಬೇಕು.
ಇಬ್ಬರು ಕೂತ ಮೋಟರ್‌ಸೈಕಲ್ಲು ನಿಧಾನವಾದರೆ
ಇಡೀ ಬಸ್‌ನಿಲ್ದಾಣ ಉಸಿರು ಹಿಡಿಯುತ್ತದೆ;
ಅದು ದಾಟಿತೋ, ಮಾತು ನಿಂತಲ್ಲಿಂದಲೇ ಮುಂದುವರಿಯುತ್ತದೆ,
ಅಕ್ಕಿಯ ದರ, ಸೊಸೆಯ ಸಿಡುಕು.
ಟ್ಯಾಕ್ಸಿ ಕರೆಯುವವರು ಔಷಧದಂಗಡಿಯೊಳಗೆ ಹೋಗಿ
ಕೆಮ್ಮಿನ ಸಿರಪ್ಪುಗಳ ನಡುವೆ ನಿಂತು ಫೋನು ತೆಗೆಯುತ್ತಾರೆ.
ನಾನೂ ಹಾಗೇ ಮಾಡಿದೆ. ಅಂಗಡಿಯವಳು ಏನೂ ಕೇಳದೆ
ಕೊಂಚ ಸರಿದು ಜಾಗ ಬಿಟ್ಟಳು.
ತಗಡಿನ ಒಲೆ ತೂಗಾಡಿಸುತ್ತ ಚೀಸ್ ಸುಡುವ ಹುಡುಗ ಎದುರಾದಾಗ
ರಸ್ತೆ ದಾಟಿಬಿಟ್ಟೆ.
ಅವನು ದರ ಇಳಿಸಿ ಕೂಗಿದ,
ನನ್ನ ತಕರಾರು ದರದ್ದೆಂದುಕೊಂಡು.

ಲಿಂಡಾಲ್ವಾಳ ಮಗಳು ರೋಜಿವಾನಿಯಾ ದಾದಿ, ರಾತ್ರಿ ಪಾಳಿ.
ಮೂರು ಫೋನು ಹೋಗಿವೆ.
ಮೂರನೆಯದರ ಕಂತು ಇನ್ನೂ ಐದಿದೆ.
ರಸೀದಿಗಳನ್ನು ಊಟದ ಮೇಜಿನ ಮೇಲೆ ಹರಡಿ,
ಕಾಳಿನ ಸಾರಿಗೆ ಮರಗೆಣಸಿನ ಹಿಟ್ಟು ಉದುರಿಸಿಕೊಳ್ಳುತ್ತ ನಕ್ಕಳು:
"ಇಲ್ಲದ್ದಕ್ಕೆ ದುಡ್ಡು ಕಟ್ಟುವುದು ನನಗೆ ಅಭ್ಯಾಸ."
ನನ್ನ ಭಯ ಒಂಬತ್ತು ದಿನದ್ದು, ಅದಕ್ಕೆ ವಾಪಸು ಟಿಕೆಟ್ಟಿತ್ತು.
ಅವಳದು ದಿನಾ ಆರೂಕಾಲಿನ ಬಸ್ಸಿನಲ್ಲಿ ಮನೆಗೆ ಬರುತ್ತದೆ,
ಚಪ್ಪಲಿ ಕಳಚುತ್ತದೆ, ಅವಳ ಪಕ್ಕದಲ್ಲೇ ಮಲಗುತ್ತದೆ.

ಆರನೆಯ ಸಂಜೆ. ಅಲ್ಲಿ ಐದೂವರೆಗೇ ಕತ್ತಲು.
ಕಾಪಿಬಾರಿಬೆ ನದಿಯ ಮೇಲಿನ ಸೇತುವೆ, ಕೆಳಗೆ ಕೆಸರಿನ ವಾಸನೆ,
ಹಿಂದೆ ಓಡಿಬರುವ ಹೆಜ್ಜೆ.
ನಾನು ತಿರುಗಲಿಲ್ಲ. ಕೈ ತಾನಾಗಿ ಪರ್ಸು ಹೊರತೆಗೆದು
ನೈವೇದ್ಯದ ಹಾಗೆ ಮುಂದೆ ಹಿಡಿದಿತ್ತು.
ಓಡಿಬಂದವನು ಗಕ್ಕನೆ ನಿಂತ,
ಎರಡೂ ಅಂಗೈ ಮೇಲೆತ್ತಿ, ನಾನೇ ಅವನನ್ನು ತಡೆದ ಹಾಗೆ.
ಬೂಟಿನಂಗಡಿಯ ಸಮವಸ್ತ್ರ, ಎದೆಯ ಮೇಲೆ ಹೆಸರು: ಜಾಡ್ಸನ್.
ಏದುಸಿರಿನಲ್ಲಿ ಹೇಳಿದ್ದು, ನನ್ನ ಅರೆಬರೆ ಪೋರ್ಚುಗೀಸಿಗೆ ತಿಳಿದಷ್ಟು:
ಈ ಹೊತ್ತಲ್ಲಿ ಒಬ್ಬನೇ ದಾಟಲು ಧೈರ್ಯ ಸಾಲದು,
ನಿಮ್ಮ ಜೊತೆ ಬರಲೇ?

ಬಂದ. ನಡುವೆ ಒಂದು ಮಾರು ಅಂತರ.
ಅವನ ಕೈ ಅವನ ಜೇಬಿನ ಮೇಲೆ, ನನ್ನದು ನನ್ನದರ ಮೇಲೆ.
ಸೇತುವೆ ಮುಗಿಯುವಲ್ಲಿ ಗಾಜೊಡೆದ ಹಳೇ ಫೋನು ತೆಗೆದು ತೋರಿಸಿದ.
"ಇದು ಅವನ ಪಾಲಿನದು."
ನಾನು ಪರ್ಸು ತೋರಿಸಿದೆ.
ಇಬ್ಬರಿಗೂ ನಗು ಬಂತು.
ನಿಜವಾದದ್ದನ್ನು ಎಲ್ಲಿಟ್ಟಿದ್ದೇವೆಂದು
ಇಬ್ಬರೂ ಹೇಳಲಿಲ್ಲ.

ಹೊರಡುವ ದಿನ ಪರ್ಸು ಮರಳಿಸಿದೆ.
ಯಾರೂ ಕೇಳಲಿಲ್ಲ ಎಂದೆ, ತಪ್ಪೊಪ್ಪಿಕೊಳ್ಳುವವಳ ಹಾಗೆ.
ಲಿಂಡಾಲ್ವಾ ನೋಟೆಣಿಸಿದಳು. ಮಗಳ ಬಸ್ಸಿಗೆಂದು ಒಂದು ಕೋತಿಯನ್ನು ತೆಗೆದು,
ತಡೆದು, ಮತ್ತೆ ಒಳಗಿಟ್ಟು
ಮೊಳೆಗೆ ಸಿಕ್ಕಿಸಿದಳು.

ಲಿಸ್ಬನ್ನಿನಲ್ಲಿ ವಿಮಾನ ಬದಲಿಸುವಾಗ
ಗಡಿಯಾರ ಮತ್ತೆ ಕಟ್ಟಿಕೊಂಡೆ.
ಪಟ್ಟಿ ಅಷ್ಟರಲ್ಲಿ ಕೈಯ ಬಣ್ಣಕ್ಕೇ ತಿರುಗಿತ್ತು.
ಉಣ್ಣೆಯ ಟೊಪ್ಪಿ ಹಾಕಿದ ಮುದುಕನೊಬ್ಬ ಹತ್ತಿರ ಬಂದು
ಗಂಟೆ ಎಷ್ಟೆಂದು ಕೇಳಿದ.

ನಾನು ಮೊದಲು ಅವನ ಕೈ ನೋಡಿದೆ.